ಹಲ್ಲಿನ ಕಲೆ ಓದಲು ಕಲಿಸಿದ ಮೇಷ್ಟ್ರು

ಮಾನ್ಯರೇ,

ಮೊನ್ನೆ ತೀರಿಕೊಂಡ ನಮ್ಮ ದಂತವೈದ್ಯಕೀಯ ಪ್ರೊಫೆಸರ್ ಬಗ್ಗೆ ನೀವು ಹಾಕಿದ ಸುದ್ದಿಯಲ್ಲಿ ಪದವಿ, ಪ್ರಶಸ್ತಿ ಎಲ್ಲಾ ಇತ್ತು. ಅವರ ನೀರಿನ ಬಾಟಲಿಗಳ ವಿಷಯ ಇರಲಿಲ್ಲ.

ಕಂದು ಕಲೆಯ ಹಲ್ಲಿನ ಮಕ್ಕಳು ಬಂದರೆ, 'ಸರಿಯಾಗಿ ಉಜ್ಜಲ್ವಾ?' ಅಂತ ನಾವು ವಿದ್ಯಾರ್ಥಿಗಳು ಗದರುತ್ತಿದ್ದೆವು. ಸರ್ ಮಾತ್ರ ಪಕ್ಕ ಕೂತು, 'ಚಿಕ್ಕವಳಿದ್ದಾಗ ಯಾವ ನೀರು ಕುಡೀತಿದ್ದೆ ಪುಟ್ಟಿ?' ಎಂದು ಕೇಳುತ್ತಿದ್ದರು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿಯಾದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಡುತ್ತದೆ. ಆ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ರಜೆಯಲ್ಲೂ ಬಾಟಲಿಗಳಲ್ಲಿ ನೀರು ತುಂಬಿಸಿ ತಂದು ತಾವೇ ಪರೀಕ್ಷೆ ಮಾಡುತ್ತಿದ್ದರು. ಆ ಮಕ್ಕಳನ್ನು ಸುಮ್ನೆ ಬೈದದ್ದು ನನಗೆ ಇವತ್ತಿಗೂ ನೋವು.

– ಅವರ ಹಳೆಯ ವಿದ್ಯಾರ್ಥಿನಿ, ದಂತವೈದ್ಯೆ