ಮಗಳಿಗೊಂದು ಪತ್ರ: ಮುಟ್ಟು ಬರಲಿ ಎಂದು ಕಾಯಬೇಡ

ಉಡುಪಿ

ಪ್ರೀತಿಯ ಮಗಳೇ,

"ಹಾಲು ಕೊಡ್ತಾ ಇದ್ದೇನಲ್ಲ ಅಮ್ಮ, ಮುಟ್ಟೂ ಆಗಿಲ್ಲ, ಮತ್ತೆ ಗರ್ಭ ನಿಲ್ಲುವ ಚಿಂತೆ ಈಗಲೇ ಎಂತದಕ್ಕೆ?" ಅಂತ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು, ಅಳಿಯನಿಗೂ ಓದಲು ಕೊಡು.

ನೀನು ಹೇಳಿದ್ದು ಅರ್ಧ ಸರಿ. ಮಗು ಮೊಲೆ ಚೀಪುವಾಗ ಮಿದುಳಿಗೆ ಹೋಗುವ ಸೂಚನೆಯಿಂದ ಅಂಡಾಣು ಬಲಿಯುವುದು ತಡೆದುಕೊಳ್ಳುತ್ತದೆ. ಆದರೆ ಇದನ್ನು ನೆಚ್ಚಿಕೊಳ್ಳಲು ಮೂರು ಷರತ್ತು ಒಟ್ಟಿಗೇ ಇರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ನಿನಗೆ ಮುಟ್ಟು ಮರಳಿರಬಾರದು, ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಹೋಗುತ್ತಿರಬಾರದು. ಹಾಲೂಡಿಸುವ ನಡುವೆ ಹಗಲಿನಲ್ಲಿ ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವೂ ಆಗಬಾರದು. ಇಷ್ಟೂ ಇದ್ದರೆ 100ರಲ್ಲಿ 98 ಮಂದಿಗೆ ಗರ್ಭ ನಿಲ್ಲುವುದಿಲ್ಲ. ಒಂದು ತಪ್ಪಿದರೂ ಆ ಲೆಕ್ಕ ಮುಗಿಯಿತು.

ಹೆರಿಗೆಯಾದ ಮೊದಲ ಎಂಟು ವಾರದ ರಕ್ತಸ್ರಾವವನ್ನು ಮುಟ್ಟು ಎಂದು ಲೆಕ್ಕ ಹಿಡಿಯಬೇಡ. ಅದರ ಮೇಲೆ ಸತತ ಎರಡು ದಿನ ರಕ್ತ ಕಂಡರೆ ಮುಟ್ಟು ಬಂದ ಹಾಗೆಯೇ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಅಂಡಾಣು ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಅದಾಗಿ ಎರಡು ವಾರಕ್ಕೆ ಬರುತ್ತದೆ. ಮುಟ್ಟು ನೋಡಿಯೇ ಮುಂದಿನ ದಾರಿ ಎಂದು ಕೂತವರಿಗೆ ಕೆಲವೊಮ್ಮೆ ಮುಟ್ಟು ಬರುವುದೇ ಇಲ್ಲ, ವಾಂತಿ ಶುರುವಾಗುತ್ತದೆ.

ನಮ್ಮ ಕಡೆ ಆ ಮೂರನೇ ಷರತ್ತು ಮುರಿಯುವುದು ಪ್ರೀತಿಯಿಂದಲೇ. ನಾಲ್ಕು ತಿಂಗಳಾಯಿತು, ಮಗು ನಾವು ಉಣ್ಣುವುದನ್ನೇ ನೋಡುತ್ತದೆ ಎಂದು ಯಾರಾದರೂ ರಾಗಿ ಮಣ್ಣಿ ಕಾಯಿಸುತ್ತಾರೆ. ಎರಡು ಚಮಚ ಮಣ್ಣಿಗೆ ಹೊಟ್ಟೆ ತುಂಬಿದ ಮಗು ಅಷ್ಟು ಹೊತ್ತು ಮೊಲೆಗೆ ಬರುವುದಿಲ್ಲ, ತಡೆಯುತ್ತಿದ್ದ ಸೂಚನೆ ಅಷ್ಟು ಕಡಿಮೆಯಾಗುತ್ತದೆ. ಬಾಣಂತಿಗೆ ನಿದ್ದೆ ಸಿಗಲಿ ಎಂದು ರಾತ್ರಿ ಬಾಟಲಿ ಹಿಡಿಸುವುದೂ ಹಾಗೆಯೇ. ಒಂದು ಹನಿ ಬಜೆ ನೆಕ್ಕಿಸಿದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ, ಆದರೆ ಆರು ತಿಂಗಳವರೆಗೆ ಅದೂ ಬೇಡ. ನೀನು ರಜೆ ಮುಗಿಸಿ ಕೆಲಸಕ್ಕೆ ಹೋದ ಮೇಲೆ ಪಂಪಿನಲ್ಲಿ ತೆಗೆದಿಟ್ಟ ಹಾಲು ಮಗುವಿಗೆ ಒಳ್ಳೆಯದೇ. ಅಂಡಾಣುವನ್ನು ತಡೆಯುವ ಮಟ್ಟಿಗೆ ಮಾತ್ರ ಪಂಪು ಮಗುವಿನ ಬಾಯಿಯಷ್ಟು ಕೆಲಸ ಮಾಡುವುದಿಲ್ಲ.

ಹಾಗಾಗಿ ಹಾಲನ್ನು ನೆಚ್ಚಿಕೊಂಡರೂ ಇನ್ನೊಂದು ವಿಧಾನ ಕೈಯಲ್ಲಿರಲಿ. ಮಗುವಿನ ಆರು ವಾರದ ಚುಚ್ಚುಮದ್ದಿನ ದಿನವೇ ನಿನ್ನನ್ನೂ ತೋರಿಸಿಕೋ. ಎರಡನೇ ಮಗು ಬೇಕೆಂದರೂ ಮಧ್ಯೆ ಕಡಿಮೆಯೆಂದರೆ ಎರಡು ವರ್ಷದ ಬಿಡುವು ಬೇಕು, ಮೂರಾದರೆ ನಿನ್ನ ಮೈಗೂ ಮಗುವಿಗೂ ಇನ್ನೂ ಒಳ್ಳೆಯದು.

ಮೊದಲು ಬೇಡವಾದದ್ದನ್ನು ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಬರೀ "ಮಕ್ಕಳಾಗದ ಮಾತ್ರೆ" ಅಂತ ಕೇಳಿದರೆ ಮಾಲಾ-ಡಿಯಂಥದ್ದು ಕೈಗೆ ಬರಬಹುದು. ಅದರಲ್ಲಿ ಎಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು. ಮಾತ್ರೆಯ ಪಟ್ಟಿಯ ಹಿಂದೆ ಎಥಿನೈಲ್ ಎಸ್ಟ್ರಡಿಯಾಲ್ (ಅದೇ ಎಸ್ಟ್ರೋಜನ್) ಎಂದು ಬರೆದಿದ್ದರೆ, ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ಅದು ನಿನಗಲ್ಲ. ಹಾಲು ಕಡಿಮೆಯಾಗಬಹುದು. ಹೆರಿಗೆಯಾದ ಮೊದಲ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚಿರುತ್ತದೆ, ಎಸ್ಟ್ರೋಜನ್ ಅದನ್ನು ಇನ್ನೂ ಏರಿಸುತ್ತದೆ. ಮಾತ್ರೆಯೇ ಬೇಕೆಂದರೆ ಪ್ರೊಜೆಸ್ಟಿನ್ ಒಂದೇ ಇರುವುದು ಸಿಗುತ್ತದೆ, ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ. ದಿನವೂ ಒಂದೇ ಹೊತ್ತಿಗೆ, ಒಂದು ದಿನವೂ ಬಿಡದೆ ನುಂಗಬೇಕು, 12 ಗಂಟೆ ದಾಟಿದರೆ ತಪ್ಪಿದ ಹಾಗೆ. ಊಟದ ಹೊತ್ತೇ ನೆನಪಿಲ್ಲದ ನಿನಗೆ ಇದು ಆಗಿಬರುವುದು ಸಂಶಯ.

ನನ್ನನ್ನು ಕೇಳಿದರೆ ಕಾಪರ್ ಟಿ, ಗರ್ಭಕೋಶದೊಳಗೆ ಕೂರಿಸುವ ತಾಮ್ರ ಸುತ್ತಿದ ಚಿಕ್ಕ ಪ್ಲಾಸ್ಟಿಕ್ ಸಾಧನ. ಹಾರ್ಮೋನು ಇಲ್ಲ, ಹಾಲಿಗೆ ಏನೂ ಆಗುವುದಿಲ್ಲ, ನೆನಪಿಟ್ಟುಕೊಳ್ಳುವ ಕೆಲಸವೂ ಇಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆ ಸಿಗುತ್ತದೆ: 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಬೇಡವೆನಿಸಿದ ದಿನ ತೆಗೆಸಿದರೆ ಮರುತಿಂಗಳೇ ಗರ್ಭ ನಿಲ್ಲಬಹುದು. ಹೆರಿಗೆಯಾಗಿ 48 ಗಂಟೆಯೊಳಗೆ ಹಾಕುವುದಿತ್ತು, ಅದು ದಾಟಿದ್ದರಿಂದ ಈಗ ಆರು ವಾರ ಆದ ಮೇಲೆ. ನಡುವೆ ಹಾಕಿದರೆ ಜಾರಿ ಹೊರಬರುವುದು ಹೆಚ್ಚು. ಮಂಗಳೂರಿನಲ್ಲಿ ಲೇಡಿಗೋಶನ್ ಸರಕಾರಿ ಆಸ್ಪತ್ರೆಗೆ ಹೋದರೆ ಖರ್ಚಿಲ್ಲದೆ ಆಗುತ್ತದೆ. ನಿನ್ನ ಡಾಕ್ಟರ ಹತ್ತಿರವೇ ಆದರೂ ಸರಿ, ಆದರೆ ದಿನವೂ ಹಾಕಿ ಕೈ ಪಳಗಿದವರೇ ಹಾಕಲಿ. ಹಾಲೂಡಿಸುವವರ ಗರ್ಭಕೋಶದ ಗೋಡೆ ಮೆತ್ತಗಿರುತ್ತದೆ, ಅಪರೂಪಕ್ಕೆ ಚುಚ್ಚಿ ತೂತಾಗುವ ಅಪಾಯ ಉಳಿದವರಿಗಿಂತ ತುಸು ಹೆಚ್ಚು.

ಹಾಕುವುದಕ್ಕೆ ಕೆಲವೇ ನಿಮಿಷ. ಎರಡು ಮೂರು ದಿನ ಕಿಬ್ಬೊಟ್ಟೆ ಹಿಂಡಿದ ಹಾಗಿರುತ್ತದೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ನುಂಗು, ಹಾಲೂಡಿಸುವವರಿಗೆ ಎರಡೂ ಆಗುತ್ತದೆ. ಮುಟ್ಟು ಮರಳಿದ ಮೇಲೆ ಮೊದಲ ಮೂರು ನಾಲ್ಕು ತಿಂಗಳು ಸ್ರಾವ ಜಾಸ್ತಿ ಇರಬಹುದು. ನಿನಗೆ ಹೆರಿಗೆಯಲ್ಲಿ ರಕ್ತ ಕಡಿಮೆಯಾಗಿತ್ತಾದ್ದರಿಂದ ಕಬ್ಬಿಣದ ಮಾತ್ರೆ ನಿಲ್ಲಿಸಬೇಡ. ಕಾಪರ್ ಟಿಯ ತುದಿಯಿಂದ ಇಳಿದಿರುವ ನೂಲನ್ನು ತಿಂಗಳು ಒಂದೂವರೆ ತಿಂಗಳಲ್ಲಿ ಒಮ್ಮೆ ತೋರಿಸಿ ಬಾ. ಆಮೇಲೆ ನೀನೇ ಬೆರಳು ತೊಳೆದು ಮುಟ್ಟಿ ನೋಡಬಹುದು. ನೂಲು ಸಿಗದಿದ್ದರೆ, ಉದ್ದವಾದಂತೆ ಕಂಡರೆ, ಗಟ್ಟಿ ಪ್ಲಾಸ್ಟಿಕ್ ಕೈಗೆ ತಾಗಿದರೆ ಅದು ಜಾರಿರಬಹುದು. ಕಾಂಡೋಮ್ ಬಳಸುತ್ತ ಡಾಕ್ಟರ ಹತ್ತಿರ ಹೋಗು. ಜ್ವರ, ವಾಸನೆಯ ಸ್ರಾವ, ತಡೆಯಲಾರದ ಹೊಟ್ಟೆನೋವು ಬಂದರೆ ಅದೇ ದಿನ ಹೋಗಬೇಕು. ಕಾಪರ್ ಟಿ ಎದೆಗೆ ಏರುತ್ತದೆ ಎನ್ನುವವರ ಮಾತಿಗೆ ಕಿವಿ ಕೊಡಬೇಡ, ಮಾರಾಯ್ತಿ.

ಅದು ಬೇಡವೇ ಬೇಡ ಅಂದರೆ ಅಂತರಾ ಚುಚ್ಚುಮದ್ದು ಇದೆ, ಆರು ವಾರದ ನಂತರ, ಮೂರು ತಿಂಗಳಿಗೊಮ್ಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತದೆ. ಹೇಳಿದ ದಿನಕ್ಕಿಂತ ಎರಡು ವಾರ ಮೊದಲು, ನಾಲ್ಕು ವಾರ ತಡವಾಗಿಯೂ ಹಾಕಿಸಬಹುದು. ಒಂದು ಎಚ್ಚರ: ಸೂಜಿ ಹಾಕಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. ತಿಕ್ಕಿದರೆ ಔಷಧ ಬೇಗ ಇಳಿದು ಮೂರು ತಿಂಗಳು ಬಾಳುವುದಿಲ್ಲ. ಎಣ್ಣೆ ಹಾಕಿ ಮೀಯಿಸುವ ಹೆಂಗಸು ಇನ್ನೂ ಬರುತ್ತಿದ್ದರೆ ಆ ತೋಳು ಮುಟ್ಟಬೇಡಿ ಎಂದು ಮೊದಲೇ ಹೇಳು. ಅಂತರಾ ತೆಗೆದುಕೊಂಡವರಿಗೆ ಮುಟ್ಟು ಏರುಪೇರಾಗುತ್ತದೆ, ವರ್ಷದ ಹೊತ್ತಿಗೆ ನಿಂತೇ ಹೋಗುವುದೂ ಉಂಟು, ಅದರಿಂದ ಕೆಡುಕಿಲ್ಲ. ಆದರೆ ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಸೂಜಿಯಿಂದ 7ರಿಂದ 10 ತಿಂಗಳು ಹಿಡಿಯುತ್ತದೆ. ಎರಡನೆಯದಕ್ಕೆ ದಿನ ಗೊತ್ತು ಮಾಡಿಕೊಂಡವರಿಗೆ ನಾನು ಇದನ್ನು ಹೇಳುವುದಿಲ್ಲ.

ಛಾಯಾ ನಮ್ಮ ದೇಶದ್ದೇ ಮಾತ್ರೆ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ (ಸಿಡಿಆರ್‌ಐ) ಹುಟ್ಟಿದ್ದು, 1991ರಿಂದ ಸಹೇಲಿ ಎಂಬ ಹೆಸರಿನಲ್ಲಿ ಸಿಗುತ್ತಿತ್ತು. ಹಾರ್ಮೋನು ಅಲ್ಲ, ಹಾಲೂಡಿಸುವವರಿಗೂ ಕೊಡುತ್ತಾರೆ. ಮೊದಲ ಮೂರು ತಿಂಗಳು ವಾರಕ್ಕೆರಡು: ಮೊದಲನೆಯದು ಭಾನುವಾರವಾದರೆ ಎರಡನೆಯದು ಬುಧವಾರ. ಆಮೇಲೆ ಭಾನುವಾರ ಮಾತ್ರ. ಕೆಡುವುದು ಎರಡು ಕಡೆ. ಶುರುವಿನಿಂದಲೇ ವಾರಕ್ಕೊಂದು ನುಂಗುವವರಿದ್ದಾರೆ, ಅದು ಸಾಲದು. ಇನ್ನು ಕೆಲವರಿಗೆ ಮರೆವು. ಏಳು ದಿನದೊಳಗೆ ನೆನಪಾದರೆ ಕೂಡಲೇ ನುಂಗಿ ಹಳೆಯ ವಾರವನ್ನೇ ಮುಂದುವರಿಸು, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಇರಲಿ. ಏಳು ದಾಟಿದರೆ ಮೊದಲಿನಿಂದ, ವಾರಕ್ಕೆರಡರಂತೆ. ಮದುವೆಗೆ ಮುಂಚೆ ನಿನಗೆ ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಅಂದಿದ್ದರಲ್ಲ, ಅದನ್ನು ಡಾಕ್ಟರಿಗೆ ಹೇಳು. ಪಿಸಿಒಡಿ ಇದ್ದವರಿಗೆ, ಈಚೆಗೆ ಜಾಂಡಿಸ್ ಆದವರಿಗೆ ಛಾಯಾ ಕೊಡುವುದಿಲ್ಲ.

ಯಾವುದೂ ನಿರ್ಧಾರವಾಗುವವರೆಗೆ ಕಾಂಡೋಮ್ ಸಾಕು. ಹಾಲೂಡಿಸುವಾಗ ಎಸ್ಟ್ರೋಜನ್ ಕಡಿಮೆಯಿದ್ದು ಒಳಗೆ ಒಣಗಿದ ಹಾಗಾಗುತ್ತದೆ, ಉರಿಯುತ್ತದೆ. ಅದಕ್ಕೆ ತೆಂಗಿನೆಣ್ಣೆ ಮುಟ್ಟಬೇಡಿ. ನಮ್ಮ ಊರಿನಲ್ಲಿ ಎಲ್ಲಕ್ಕೂ ಅದೇ ಮದ್ದು, ಆದರೆ ಎಣ್ಣೆ ತಾಗಿದ ಲ್ಯಾಟೆಕ್ಸ್ ಕೆಲವೇ ನಿಮಿಷದಲ್ಲಿ ದುರ್ಬಲವಾಗಿ ಹರಿಯುತ್ತದೆ. ನೀರಿನ ಜೆಲ್ ತಂದುಕೊಳ್ಳಿ. ಹರಿದೇಹೋದರೆ 72 ಗಂಟೆಯೊಳಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಒಂದು ಮಾತ್ರೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಹಾಲು ನಿಲ್ಲಿಸುವುದು ಬೇಡ. ತಿಂಗಳು ತಿಂಗಳು ನುಂಗುವ ಮದ್ದು ಅದಲ್ಲ.

ಆಪರೇಶನ್ ಮಾತು ಈಗ ಬೇಡ. ಎರಡನೆಯದಾದ ಮೇಲೆ ಯಾರಾದರೂ ಎತ್ತಿದರೆ, ಗಂಡಸರ ಆಪರೇಶನ್ ಹೆಂಗಸರದ್ದಕ್ಕಿಂತ ಚಿಕ್ಕದು ಎನ್ನುವುದು ನೆನಪಿರಲಿ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡೂ ಒಯ್ಯಿ. ಕಾಪರ್ ಟಿ ಹಾಕಿದರೆ ಯಾವ ಬಗೆಯದು, ಯಾವ ತಾರೀಕು ಎಂದು ಬರೆದುಕೊಡುತ್ತಾರೆ. ಆ ಚೀಟಿಯ ಫೋಟೋ ತೆಗೆದು ನನಗೂ ಒಂದು ಕಳಿಸು.

ಅಮ್ಮ