ತೊನ್ನಿಗೆ ಕುಷ್ಠ ಅನ್ನಬೇಡಿ

ಮಾನ್ಯ ಸಂಪಾದಕರೇ,

ಕುಮಟಾದ ಒಂದು ಮೆಡಿಕಲ್ ಶಾಪಿನಲ್ಲಿ ನಾನು 19 ವರ್ಷಗಳಿಂದ ಔಷಧಿ ಕೊಡುವ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ನಮ್ಮ ಕಡೆ ಉಚಿತ ಚರ್ಮರೋಗ ತಪಾಸಣೆ ಶಿಬಿರ ನಡೆಯಿತು. ಅದರ ಕರಪತ್ರವನ್ನು ನಮ್ಮ ಅಂಗಡಿಯ ಗಾಜಿಗೂ ಅಂಟಿಸಿ ಹೋಗಿದ್ದರು. ‘ಶ್ವೇತಕುಷ್ಠ, ದದ್ರು, ವಿಚರ್ಚಿಕೆ, ಇಂದ್ರಲುಪ್ತ ಮುಂತಾದ ರೋಗಗಳಿಗೆ ತಪಾಸಣೆ’ ಎಂದಿತ್ತು. ತದಡಿ ಕಡೆಯಿಂದ ಮೀನು ಮಾರಲು ಬರುವ ಒಬ್ಬ ಅಮ್ಮ ಅದರ ಮುಂದೆ ನಿಂತು, “ತಂಗೀ, ಇಲ್ಲಿ ಗಜಕರ್ಣಕ್ಕೆ ನೋಡ್ತಾರೋ ಇಲ್ವೋ?” ಎಂದು ಕೇಳಿದರು. ದದ್ರು ಅಂದರೆ ಗಜಕರ್ಣವೇ, ವಿಚರ್ಚಿಕೆ ಅಂದರೆ ಇಸುಬು, ಇಂದ್ರಲುಪ್ತ ಅಂದರೆ ಕೂದಲು ಉದುರಿ ಬೋಳಾಗುವುದು. ಶ್ವೇತಕುಷ್ಠ ಎಂದು ಹಾಕಿದ್ದು ತೊನ್ನಿಗೆ. ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೆ ಅವರು ಸುಮ್ನೆ ಮುಂದೆ ಹೋಗುತ್ತಿದ್ದರು, ಅಲ್ವಾ?

ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ಮಾತಿಗೆ. ನಮ್ಮಲ್ಲಿಗೆ ಬರುವ ಒಂದು ಮನೆಯ ಹುಡುಗಿಗೆ ಕಣ್ಣಿನ ರೆಪ್ಪೆಯ ಮೇಲೂ ಮೊಣಕೈಯಲ್ಲೂ ತೊನ್ನು ಬಂದಿದೆ. ಒಂಬತ್ತನೇ ಕ್ಲಾಸಿನ ಮಗು. ಶಿಬಿರಕ್ಕೆ ಕರೆದುಕೊಂಡು ಹೋಗಿ ಎಂದು ನಾನೇ ಹೇಳಿದ್ದೆ. ಅವರು ಹೋಗಲಿಲ್ಲ. ಯಾಕೆ ಎಂದು ಕೇಳಿದಾಗ ತಾಯಿ ಕಣ್ಣು ತುಂಬಿಕೊಂಡು, “ಕುಷ್ಠ ಅಂತ ಬರೆದಲ್ಲಿ ಮಗಳನ್ನ ಹೆಂಗೆ ನಿಲ್ಲಿಸಲಿ?” ಎಂದರು. ಶಿಬಿರದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೂ ಅದೇ ಶಬ್ದ ಇತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹಳೆಯ ಆಯುರ್ವೇದದಲ್ಲಿ ಕುಷ್ಠ ಅನ್ನುವುದು ಚರ್ಮದ ಎಷ್ಟೋ ಕಾಯಿಲೆಗಳಿಗೆ ಒಟ್ಟಿಗೆ ಇಟ್ಟ ಹೆಸರು. ಚರಕ ಸಂಹಿತೆ 18 ಬಗೆಯ ಕುಷ್ಠ ಹೇಳುತ್ತದೆ. ಗಜಕರ್ಣವೂ ಅದರೊಳಗೇ ಬರುತ್ತದೆ. ತೊನ್ನಿಗೆ ಅಲ್ಲಿ ಶ್ವಿತ್ರ ಎಂಬ ಬೇರೆ ಹೆಸರೇ ಇದೆ. ಆದರೆ ಇವತ್ತು ಕುಷ್ಠ ಅಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಒಂದೇ ರೋಗ. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ನಾರ್ವೆಯ ವೈದ್ಯ ಹ್ಯಾನ್ಸೆನ್ ಆ ಬ್ಯಾಕ್ಟೀರಿಯಾವನ್ನು 1873ರಲ್ಲೇ ಕಂಡುಹಿಡಿದರು. ತೊನ್ನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆ ಜಾಗ ಹಾಲಿನಂತೆ ಬೆಳ್ಳಗಿದ್ದರೂ ಮುಟ್ಟಿದರೆ, ಚುಚ್ಚಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕುಷ್ಠದ ಮಚ್ಚೆ ಮಾಸಲಾಗಿಯೋ ಕೆಂಪಗೋ ಇರುತ್ತದೆ, ಅಲ್ಲಿ ಸ್ಪರ್ಶ ಜ್ಞಾನ ಕಡಿಮೆಯಾಗುತ್ತದೆ.

ಕುಷ್ಠ ಬಂದವರನ್ನು ಕೀಳಾಗಿ ಕಾಣಬೇಕು ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. 6 ತಿಂಗಳು ಅಥವಾ 12 ತಿಂಗಳು ಬಿಡದೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ. ಆದರೆ ಇಲ್ಲದ ರೋಗದ ಹೆಸರನ್ನು ಒಂದು ಹೆಣ್ಣುಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ತೊನ್ನು ಅನ್ನುವ ಮಾತನ್ನೂ ಬೈಗುಳದ ಹಾಗೆ ಆಡುವವರಿದ್ದಾರೆ, ಗೊತ್ತು. ಹಾಗನ್ನಿಸಿದರೆ ಬಿಳಿ ಮಚ್ಚೆ ಎಂದು ಬರೆಯಿರಿ.

ಹಾಗಂತ ಜನರ ಬಾಯಲ್ಲಿರುವ ಹೆಸರೆಲ್ಲ ಸರಿ ಎಂದೂ ಅಲ್ಲ. ಗಜಕರ್ಣಕ್ಕೆ ಹುಳುಕಡ್ಡಿ ಎಂದೂ ಹೇಳುತ್ತೇವೆ. ಇಂಗ್ಲಿಷಿನವರು ರಿಂಗ್‌ವರ್ಮ್ ಅಂದರು, ವೈದ್ಯರ ಚೀಟಿಯಲ್ಲಿರುವ ಟಿನಿಯಾ ಅನ್ನುವ ಲ್ಯಾಟಿನ್ ಶಬ್ದಕ್ಕೂ ಹುಳ ಎಂದೇ ಅರ್ಥ. ಅಲ್ಲಿ ಹುಳ ಇಲ್ಲವೇ ಇಲ್ಲ. ಅದು ಫಂಗಸ್, ಅಂದರೆ ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬರುವ ಬೂಷ್ಟಿನ ಜಾತಿ. ಮಳೆಯಲ್ಲಿ ಗದ್ದೆ ನಟ್ಟಿ ಮುಗಿಸಿ ಒದ್ದೆ ಬಟ್ಟೆಯಲ್ಲೇ ಬರುವವರು, “ಹುಳ ಸಾಯೋ ಹಂಗೆ ಸ್ಟ್ರಾಂಗ್ ಮುಲಾಮು ಕೊಡಿ” ಎಂದು ಕೇಳುತ್ತಾರೆ. ಹಿಂದೆ ನಾನೂ ಸ್ಟಿರಾಯ್ಡ್ ಬೆರೆಸಿದ ಟ್ಯೂಬ್ ಕೊಟ್ಟಿದ್ದೇನೆ. ಅದಕ್ಕೆ ಇವತ್ತಿಗೂ ಬೇಜಾರಿದೆ. ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಹರಡುತ್ತಲೇ ಇರುತ್ತದೆ, ಚರ್ಮ ತೆಳ್ಳಗಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಹೇಳಿತು. ಈಗ ನಾನು ಕೊಡುವುದಿಲ್ಲ, ಬೈಸಿಕೊಳ್ಳುತ್ತೇನೆ. ಇದು ಬೂಷ್ಟು, ಬಟ್ಟೆ ಬಿಸಿಲಿಗೆ ಹಾಕಿ, ಮನೆಯಲ್ಲಿ ಬೇರೆಯವರಿಗೂ ಇದ್ದರೆ ಒಟ್ಟಿಗೇ ಡಾಕ್ಟರಿಗೆ ತೋರಿಸಿ ಎಂದರೆ ಕೇಳುತ್ತಾರೆ. ಹುಳ ಅಂದರೆ ಕೇಳುವುದಿಲ್ಲ.

ಕೆಲವು ಕನ್ನಡ ಹೆಸರುಗಳಂತೂ ಎಷ್ಟು ಚೆಂದ! ಸಿಗಡಿ ಸುಲಿಯುವ ಹೆಂಗಸರ ಕೈ ದಿನವಿಡೀ ನೀರಲ್ಲೇ ಇರುತ್ತದೆ, ಅವರಿಗೆ ಉಗುರುಸುತ್ತು ತಪ್ಪಿದ್ದಲ್ಲ. ಅದಕ್ಕೆ ಚೀಟಿಯಲ್ಲಿ ಪ್ಯಾರೊನಿಕಿಯಾ ಎಂದಿರುತ್ತದೆ. ಅದು ಗ್ರೀಕ್ ಮೂಲದ ಶಬ್ದ, ಅರ್ಥ ‘ಉಗುರಿನ ಪಕ್ಕದ್ದು’. ನಮ್ಮ ಅಜ್ಜಿಯಂದಿರು ಹೇಳಿದ್ದೂ ಅದನ್ನೇ. ಇಂಥ ಹೆಸರು ಕೈಯಲ್ಲಿರುವಾಗ ಕರಪತ್ರಕ್ಕೆ ಯಾರಿಗೂ ತಿಳಿಯದ ಶಬ್ದ ಯಾಕೆ?

ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ತೊನ್ನಿಗೆ ಶ್ವೇತಕುಷ್ಠ, ಬಿಳಿ ಕುಷ್ಠ ಎಂದು ಬರೆಯುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಶಿಬಿರ ನಡೆಸುವವರೂ ಊರಿನವರು ಹೇಳುವ ಹೆಸರನ್ನೇ ಹಾಕಲಿ. ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಯಾರಾದರೂ ಅಂಗಡಿಗೆ ತಂದು ತೋರಿಸಿದರೆ ನಾನೇ ಕೂತು ಬರೆದುಕೊಡುತ್ತೇನೆ. ಮುಂದಿನ ಶಿಬಿರಕ್ಕೆ ಆ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ.

– ಮೆಡಿಕಲ್ ಶಾಪ್ ಉದ್ಯೋಗಿ, ಕುಮಟಾ