ಬರೀ ಬಟನ್ ಒತ್ತೋ ಕೆಲಸಾನಾ?

ಪ್ರೀತಿಯ ಗೆಳೆಯಾ,

ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಶನ್ (ಕಿರಣ ಚಿಕಿತ್ಸೆ) ಕೊಡೋದು ಕಲಿಯೋಕೆ ಬಂದ ನನ್ನನ್ನು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಬಟನ್ ಒತ್ತೋದು ಕಲಿಯೋಕೆ ಮುಂಬೈವರೆಗೂ ಹೋಗಬೇಕಿತ್ತಾ?’ ಅಂತ. ಆಗ ಲೋಕಲ್‌ನಲ್ಲಿ ಕಂಬಿಗೆ ಜೋತುಬಿದ್ದಿದ್ದೆ. ಜಗಳಕ್ಕೆ ಒಂದು ಕೈಯಾದರೂ ಖಾಲಿ ಇರಬೇಕಲ್ವಾ? ಈಗ ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೂತಿದ್ದೇನೆ, ಹೊರಗೆ ಮಳೆ. ಉತ್ತರ ಬರೆಯುತ್ತೇನೆ, ತಗೋ.

ಬಟನ್ ಇರುವುದು ನಿಜ. ಆದರೆ ಒಬ್ಬ ರೋಗಿಗೆ 15 ನಿಮಿಷ ಹಿಡಿದರೆ ಕಿರಣ ಬರುವುದು ಎರಡು-ಮೂರು ನಿಮಿಷ. ಉಳಿದದ್ದೆಲ್ಲ ಮಲಗಿಸುವ ಕೆಲಸ. ಗೋಡೆಯಿಂದ, ಚಾವಣಿಯಿಂದ ಲೇಸರ್ ಗೆರೆಗಳು ಬೀಳುತ್ತವೆ. ರೋಗಿಯ ಮೈಮೇಲೆ ಮೊದಲ ದಿನವೇ ಗುರುತು ಹಾಕಿರುತ್ತೇವೆ. ಗೆರೆ, ಗುರುತು ಎರಡೂ ಒಂದರ ಮೇಲೊಂದು ಕೂರಬೇಕು. ಲೆಕ್ಕ ಮಿಲಿಮೀಟರ್‌ನಲ್ಲಿ. ಹೊಟ್ಟೆ ಉಬ್ಬಿದ್ದರೂ ಜರುಗುತ್ತದೆ, ಹೆದರಿ ಮೈ ಬಿಗಿ ಹಿಡಿದರೂ ಜರುಗುತ್ತದೆ. ಮೇಲೆ ಈ ಊರಿನ ಬೆವರು, ಶಾಯಿ ನಿಲ್ಲುವುದಿಲ್ಲ. ‘ಗುರುತು ಉಜ್ಜಬೇಡಿ’ ಅಂತ ಕನ್ನಡ, ಹಿಂದಿ, ಅರೆಬರೆ ಮರಾಠಿಯಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ.

ಬಾಯಿ, ಗಂಟಲಿನ ಕ್ಯಾನ್ಸರ್ ಆದರೆ ತಲೆ ಅಲ್ಲಾಡದಂತೆ ಮುಖವಾಡ ಬೇಕು. ತಂಬಾಕು, ಗುಟ್ಕಾದ ಪುಣ್ಯದಿಂದ ಇವರೇ ಜಾಸ್ತಿ ಬರುತ್ತಾರೆ. ತೂತು ತೂತಿನ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿಯ ನೀರಿನಲ್ಲಿ ಅದ್ದಿದರೆ ನೀರುದೋಸೆಯ ಹಾಗೆ ಮೆತ್ತಗಾಗುತ್ತದೆ. ಅದನ್ನು ಮುಖದ ಮೇಲೆ ಎಳೆದು ಹಲಗೆಗೆ ಸಿಕ್ಕಿಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿ. ಕಲಿಯುವವರು ಒಮ್ಮೆ ತಾವೇ ಹಾಕಿಸಿಕೊಂಡು ನೋಡಬೇಕು ಅಂದರು. ಹಾಕಿಸಿಕೊಂಡೆ. ಮೊದಲಿಗೆ ಬೆಚ್ಚಗೆ, ಹಿತವಾಗಿತ್ತು. ಬಿಗಿಯಾಗುತ್ತಾ ಹೋದಂತೆ ಮೂಗು ಕೆರೆಯಬೇಕು ಅನ್ನಿಸಿತು. ಆಮೇಲೆ ತಲೆಯಲ್ಲಿ ಮೂಗು ಬಿಟ್ಟು ಬೇರೆ ವಿಷಯವೇ ಇಲ್ಲ. ನಾನು ಹತ್ತು ನಿಮಿಷ ತಡೆದೆ. ರೋಗಿಗಳು ವಾರಕ್ಕೆ 5 ದಿನದಂತೆ 7 ವಾರ ಹೀಗೆ ಮಲಗುತ್ತಾರೆ.

ಇಷ್ಟೊಂದು ದಿನ ಯಾಕೆ, ಒಂದೇ ಸಲ ಕೊಟ್ಟು ಮುಗಿಸಬಾರದಾ ಅಂತ ಕೇಳುವವನು ನೀನು. ಮೈಯ ಒಳ್ಳೆಯ ಕೋಶಗಳು ಪೆಟ್ಟು ತಿಂದರೂ ಮರುದಿನದ ಹೊತ್ತಿಗೆ ಸಾಕಷ್ಟು ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಕ್ಕೆ ಆ ಜಾಣತನ ಕಡಿಮೆ. ಅದಕ್ಕೇ ದಿನಕ್ಕೆ 2 ಗ್ರೇ (ಕಿರಣದ ಅಳತೆ), 25 ದಿನಕ್ಕೆ 50 ಗ್ರೇ, ಹೀಗೆ ಕಂತು. ಕೆಲವು ಕಡೆ ಕಂತು ದೊಡ್ಡದು, ದಿನ ಕಡಿಮೆ. ಆ ಲೆಕ್ಕ ಡಾಕ್ಟರದ್ದು, ಫಿಸಿಸಿಸ್ಟ್‌ದು.

ಪಾಠದಲ್ಲಿ ನನಗೆ ಹಿಡಿಸಿದ್ದು ಕೋಬಾಲ್ಟ್. ಲಿನಾಕ್ ಅಂದರೆ ಕರೆಂಟಿನಿಂದ ಕಿರಣ ಹುಟ್ಟಿಸುವ ಮಿಷನ್, ಆಫ್ ಮಾಡಿದರೆ ಕಿರಣ ಇಲ್ಲ. ಕೋಬಾಲ್ಟ್-60 ತಾನಾಗೇ ಸದಾ ಕಿರಣ ಸೂಸುವ ಲೋಹ, ಅದಕ್ಕೆ ಆಫ್ ಅನ್ನೋದೇ ಇಲ್ಲ, ಪೆಟ್ಟಿಗೆಯೊಳಗೆ ಮುಚ್ಚಿಡಬಹುದು ಅಷ್ಟೇ. ಇಲ್ಲೇ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿ ರೂಪಿಸಿದ ಭಾಭಾಟ್ರಾನ್ ಮಿಷನ್ ಈ ಜಾತಿಯದು. 5.27 ವರ್ಷಕ್ಕೆ ಕೋಬಾಲ್ಟಿನ ಕಸುವು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಈ ತಿಂಗಳು 2 ನಿಮಿಷದಲ್ಲಿ ಆದ ಕೆಲಸಕ್ಕೆ ಮುಂದಿನ ತಿಂಗಳು ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಬೇಕು. ವಯಸ್ಸಾದಂತೆ ನಮ್ಮ ತಾತನಿಗೆ ಗದ್ದೆಗೆ ನಡೆದು ಹೋಗೋಕೆ ಚೂರು ಚೂರೇ ಜಾಸ್ತಿ ಹೊತ್ತು ಹಿಡಿಯುತ್ತಿದ್ದದ್ದು ನೆನಪಾಯಿತು.

ಅಮ್ಮನದ್ದು ಒಂದೇ ಚಿಂತೆ, ‘ನಿನಗೂ ತಗಲಲ್ವೇನೇ, ನಾಳೆ ಮದುವೆ ಆಗೋಳು?’ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ನನ್ನ ಮೈಗೆ ಎಷ್ಟು ಬಿತ್ತು ಅನ್ನುವ ಲೆಕ್ಕ ಅದರಲ್ಲಿ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣದ ಅಳತೆ) ದಾಟಬಾರದು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ನಿಯಮ. ಕೋಣೆಯ ಗೋಡೆಯೋ, ಕೋಟೆ ಗೋಡೆಯಂಥ ಕಾಂಕ್ರೀಟು. ಇದನ್ನೆಲ್ಲ ಹೇಳಿದೆ. ‘ಆದರೂ ಹುಷಾರು’ ಅಂದಳು.

ನಮ್ಮ ಕಡೆಯವರು ಇದಕ್ಕೆ ‘ಕರೆಂಟ್ ಇಡೋದು’ ಅನ್ನುತ್ತಾರೆ ಗೊತ್ತಲ್ಲ? ಹಿಂದಿಯವರು ‘ಸಿಕಾಯಿ’, ಶಾಖ ಕೊಡೋದು ಅಂತ. ನಿಜಕ್ಕೂ ಶಾಕೂ ಇಲ್ಲ, ಶಾಖವೂ ಇಲ್ಲ. ಮಲಗಿದವರಿಗೆ ಮಿಷನ್ನಿನ ಗುಂಯ್ ಸದ್ದು ಬಿಟ್ಟರೆ ಏನೂ ತಿಳಿಯುವುದಿಲ್ಲ. ಆದರೆ ಕರೆಂಟ್ ಅನ್ನುವ ಮಾತು ಕೇಳಿಯೇ ಅರ್ಧ ಜೀವ ಹೋಗಿರುತ್ತದೆ.

ವಿಜಯಪುರದ ಕಡೆಯ ಒಬ್ಬ ಅಜ್ಜಿ ಬರುತ್ತಾರೆ. ಕನ್ನಡ ಬಿಟ್ಟು ಬೇರೆ ಬಾರದು, ಹಾಗಾಗಿ ಮೊದಲ ದಿನವೇ ನನ್ನನ್ನು ಕರೆದರು. ನಾನು ಜೋರಾಗಿ ‘ಅಜ್ಜಿ, ಒಂಚೂರೂ ಅಲ್ಲಾಡಬೇಡಿ’ ಅಂದು ಹೊರಗೆ ಬಂದೆ. ಕ್ಯಾಮೆರಾದಲ್ಲಿ ನೋಡಿದರೆ ಮುಖ ಉಬ್ಬಿದೆ, ಎದೆ ಏಳುತ್ತಿಲ್ಲ. ಉಸಿರಾಡುವುದೂ ಅಲ್ಲಾಡಿದಂತೆ ಅಂದುಕೊಂಡು ಕಟ್ಟಿಹಿಡಿದುಬಿಟ್ಟಿದ್ದಾರೆ! ಸೀನಿಯರ್ ಕಿರಣ ನಿಲ್ಲಿಸಿದರು, ನಾನು ಒಳಗೆ ಓಡಿದೆ. ಬೈಗುಳ ಸಿಕ್ಕಿತು, ನ್ಯಾಯವಾದದ್ದೇ.

ನನಗೆ ಈ ಕೆಲಸದಲ್ಲಿ ಕಷ್ಟವಾಗುವುದು ಆ ಬಾಗಿಲು ನೋಡು. ಅಲ್ಲಿವರೆಗೆ ಕೈ ಹಿಡಿದು ಮಲಗಿಸಿ, ಸೆರಗು ಸರಿ ಮಾಡಿ, ‘ಏನೂ ಆಗಲ್ಲ’ ಅಂದು, ಆಮೇಲೆ ನಾವೆಲ್ಲ ಹೊರಗೆ ಓಡುತ್ತೇವೆ. ಭಾರದ ಬಾಗಿಲು ನಿಧಾನ ಮುಚ್ಚಿಕೊಳ್ಳುತ್ತದೆ. ಏನೂ ಆಗದಿದ್ದರೆ ನೀವ್ಯಾಕೆ ಹೊರಗೆ ಹೋಗ್ತೀರಿ ಅಂತ ಅವರಿಗೆ ಅನ್ನಿಸುವುದಿಲ್ಲವಾ? ಒಂದು ದಿನ ಅಜ್ಜಿಗೆ ‘ನಾನಿನ್ನು ಹೋಗ್ತೀನಿ’ ಅಂದೆ. ಮಲಗಿದಲ್ಲಿಂದಲೇ ತಿದ್ದಿದರು, ‘ಹೋಗ್ತೀನಿ ಅನ್ನಬ್ಯಾಡವ್ವಾ. ಬರ್ತೀನಿ ಅನ್ನು.’

ನಾಳೆ ಅವರದ್ದು 14ನೇ ಕಂತು. ಈಗ ಎಲ್ಲರಿಗೂ ಹಾಗೇ ಹೇಳಿ ಬಾಗಿಲು ಹಾಕುತ್ತೇನೆ. ಮರಾಠಿಯಲ್ಲೂ ‘ಯೇತೆ’ ಅಂತಲೇ ಅನ್ನುತ್ತಾರಂತೆ, ಚಿಕ್ಕಮ್ಮ ಹೇಳಿಕೊಟ್ಟಳು.

ಮಳೆ ನಿಲ್ಲುವ ಲಕ್ಷಣ ಇಲ್ಲ. ಬೆಳಿಗ್ಗೆ ಲೋಕಲ್ ಓಡಿದರೆ ಸಾಕು.

ಬರ್ತೀನಿ,
ನಿನ್ನ ಗೆಳತಿ